ತೈಲ ಬ್ಲಾಕ್ ಹಿಡಿದ ಕಂಪನಿ ಕೈ ಬದಲಾದಾಗ: ಸರ್ಕಾರದ ಒಪ್ಪಿಗೆ ಪಡೆಯುವ ಸಮಗ್ರ ಮಾರ್ಗದರ್ಶಿ

2010ರ ಆಗಸ್ಟ್ 16ರಂದು ವೇದಾಂತ ರಿಸೋರ್ಸಸ್ ಒಂದು ದೊಡ್ಡ ಘೋಷಣೆ ಮಾಡಿತು. ರಾಜಸ್ಥಾನದ ಬಾಡಮೇರ್‌ನಲ್ಲಿ ತೈಲ ತೆಗೆಯುತ್ತಿದ್ದ ಕೇರ್ನ್ ಇಂಡಿಯಾದ ನಿಯಂತ್ರಣವನ್ನು ಎಡಿನ್‌ಬರೊದ ಕೇರ್ನ್ ಎನರ್ಜಿಯಿಂದ ಕೊಳ್ಳುವುದಾಗಿ ಅದು ಹೇಳಿತು. ಮೊತ್ತ ಗರಿಷ್ಠ 9.6 ಶತಕೋಟಿ ಡಾಲರ್. ಹಣ ಸಿದ್ಧವಿತ್ತು, ಮಾರುವವರೂ ಕೊಳ್ಳುವವರೂ ಒಪ್ಪಿದ್ದರು. ಆದರೂ ವ್ಯವಹಾರ ಮುಗಿದದ್ದು 2011ರ ಡಿಸೆಂಬರ್ 8ಕ್ಕೆ. ನಡುವಿನ ಸುಮಾರು ಹದಿನಾರು ತಿಂಗಳು ಎಲ್ಲರೂ ಕಾದದ್ದು ಮುಖ್ಯವಾಗಿ ಕೇಂದ್ರ ಸರ್ಕಾರದ ಒಪ್ಪಿಗೆಗೆ, ಆಮೇಲೆ ಅದರ ಷರತ್ತುಗಳು ಪೂರೈಸುವುದಕ್ಕೆ.

ಅದೇ ಹೊತ್ತಿಗೆ ಇನ್ನೊಂದು ವ್ಯವಹಾರವೂ ನಡೆದಿತ್ತು. ರಿಲಯನ್ಸ್ ತನ್ನ 23 ಬ್ಲಾಕ್‌ಗಳಲ್ಲಿ (ತೈಲ, ಅನಿಲ ಹುಡುಕಿ ತೆಗೆಯಲು ಗುತ್ತಿಗೆಗೆ ಕೊಟ್ಟ ಪ್ರದೇಶಗಳು) ತಲಾ 30% ಪಾಲನ್ನು ಬ್ರಿಟನ್ನಿನ ತೈಲ ಕಂಪನಿ ಬಿಪಿಗೆ 7.2 ಶತಕೋಟಿ ಡಾಲರಿಗೆ ಮಾರಲು 2011ರ ಫೆಬ್ರವರಿಯಲ್ಲಿ ಒಪ್ಪಿತು. ಜುಲೈನಲ್ಲಿ 21 ಬ್ಲಾಕ್‌ಗಳಿಗೆ ಅನುಮತಿ ಸಿಕ್ಕಿತು, ಆಗಸ್ಟ್ ಕೊನೆಗೆ ಕೆಲಸ ಮುಗಿಯಿತು. ದೇಶ ಒಂದೇ, ಸಚಿವಾಲಯ ಒಂದೇ, ಮೊತ್ತಗಳೂ ಹತ್ತಿರ ಹತ್ತಿರ. ಒಂದಕ್ಕೆ ಆರು ತಿಂಗಳು, ಇನ್ನೊಂದಕ್ಕೆ ಹದಿನಾರು. ಯಾಕೆ ಹೀಗಾಯಿತು ಎಂದು ಅರ್ಥವಾದರೆ ಈ ವಿಷಯ ಅರ್ಧ ಅರ್ಥವಾದ ಹಾಗೆ.

ನಾನು ವರ್ಷಗಳಿಂದ ಇಂಥ ಅರ್ಜಿಗಳ ಹಿಂದೆ ಓಡಾಡುತ್ತಿರುವವನು. ಕಾನೂನು ಕಚೇರಿಗಳಲ್ಲೋ ಕಂಪನಿ ಸೆಕ್ರೆಟರಿಗಳ ಕೈಕೆಳಗೋ ಮೊದಲ ಸಲ ಇಂಥ ಫೈಲು ಹಿಡಿಯುವ ನಮ್ಮ ಹುಡುಗ ಹುಡುಗಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಮಾರಾಟವಾಗುತ್ತಿರುವುದು ಏನು?

ತೈಲ ಬ್ಲಾಕ್ ಕೈ ಬದಲಾಯಿಸಲು ಎರಡು ದಾರಿಗಳಿವೆ. ಒಂದು, ಗುತ್ತಿಗೆಯಲ್ಲಿರುವ ಪಾಲನ್ನೇ ನೇರವಾಗಿ ಮಾರುವುದು. ಇದಕ್ಕೆ ಪಾರ್ಟಿಸಿಪೇಟಿಂಗ್ ಇಂಟರೆಸ್ಟ್ ಎನ್ನುತ್ತಾರೆ, ಕಚೇರಿಯ ಬಾಯಿಮಾತಿನಲ್ಲಿ ಪಿಐ. ರಿಲಯನ್ಸ್–ಬಿಪಿ ವ್ಯವಹಾರ ಈ ಬಗೆಯದು. ಇನ್ನೊಂದರಲ್ಲಿ ಗುತ್ತಿಗೆ ಇದ್ದ ಹಾಗೇ ಇರುತ್ತದೆ, ಗುತ್ತಿಗೆ ಹಿಡಿದ ಕಂಪನಿಯ ಷೇರುಗಳು ಬೇರೆಯವರ ಕೈಗೆ ಹೋಗುತ್ತವೆ. ಕೇರ್ನ್ ಪ್ರಕರಣ ಇದು.

ಎರಡನೆಯ ದಾರಿಯಲ್ಲೇ ಜನ ಎಡವುವುದು. "ಗುತ್ತಿಗೆದಾರ ಬದಲಾಗಿಲ್ಲವಲ್ಲ, ಒಪ್ಪಿಗೆ ಯಾಕೆ?" ಎಂಬ ಪ್ರಶ್ನೆ ಸಹಜ. ಪೇಟೆಯ ಮಳಿಗೆಯೊಂದನ್ನು ನೆನೆಸಿಕೊಳ್ಳಿ. ಬೋರ್ಡು ಅದೇ, ಬಾಡಿಗೆ ಕರಾರಿನಲ್ಲಿರುವ ಹೆಸರೂ ಅದೇ, ಆದರೆ ಗಲ್ಲಾಪೆಟ್ಟಿಗೆಯ ಮುಂದೆ ಕೂತವರು ಬೇರೆ. ಮಳಿಗೆಯ ಮಾಲೀಕ ಬಂದು ವಿಚಾರಿಸದೆ ಇರುತ್ತಾನೆಯೇ? ಇಲ್ಲಿ ಮಾಲೀಕ ಸರ್ಕಾರ, ನೆಲದಡಿಯ ಸಂಪತ್ತು ಅದರದ್ದು. ಕೇರ್ನ್ ಪ್ರಕರಣದ ಶುರುವಿನಲ್ಲಿ ಒಪ್ಪಿಗೆ ಎಲ್ಲ ಬ್ಲಾಕ್‌ಗಳಿಗೂ ಬೇಕೇ ಎಂಬ ವಾದವೇ ಎದ್ದಿತ್ತು. ಆ ವಾದ ಸರ್ಕಾರದ ಮುಂದೆ ನಿಲ್ಲಲಿಲ್ಲ, ಅದರಲ್ಲಿ ಕಳೆದ ಸಮಯವೂ ವಾಪಸು ಬರಲಿಲ್ಲ.

ಹೆಜ್ಜೆ 2: ನಿಮ್ಮ ಕರಾರನ್ನೇ ಓದಿ, ಮಾದರಿಯನ್ನಲ್ಲ

ಭಾರತದಲ್ಲಿ ತೈಲ ಗುತ್ತಿಗೆಗಳು ಒಂದೇ ಅಚ್ಚಿನವಲ್ಲ. 1990ರ ದಶಕದ ಹಳೆಯ ಉತ್ಪಾದನಾ ಹಂಚಿಕೆ ಕರಾರುಗಳಿವೆ. 1999ರಿಂದ ಬಂದ ನೆಲ್ಪ್ (ಹೊಸ ಅನ್ವೇಷಣಾ ಪರವಾನಗಿ ನೀತಿ) ಹರಾಜು ಸುತ್ತುಗಳವು ಇವೆ. 2016ರ ಹೆಲ್ಪ್ (ಹೈಡ್ರೋಕಾರ್ಬನ್ ಅನ್ವೇಷಣೆ ಮತ್ತು ಪರವಾನಗಿ) ನೀತಿಯ ನಂತರದ ಆದಾಯ ಹಂಚಿಕೆ ಕರಾರುಗಳಿವೆ. ಕಲ್ಲಿದ್ದಲು ಪದರದ ಮೀಥೇನ್ ಅನಿಲಕ್ಕೆ ಬೇರೆಯದೇ ಕರಾರು. ಒಂದೇ ಕಂಪನಿಯ ಬಳಿ ನಾಲ್ಕೂ ಬಗೆಯವು ಇರಬಹುದು. ಇಂಟರ್ನೆಟ್ಟಿನಲ್ಲಿ ಸಿಕ್ಕ ಮಾದರಿ ಕರಾರನ್ನು ಓದಿ ಅಭಿಪ್ರಾಯ ಬರೆದುಕೊಡಬೇಡಿ. ಸಹಿ ಆದ ಮೂಲ ಪ್ರತಿಯನ್ನೂ ಆಮೇಲಿನ ಪ್ರತಿಯೊಂದು ತಿದ್ದುಪಡಿಯನ್ನೂ ತರಿಸಿಕೊಳ್ಳಿ.

ನೆಲ್ಪ್ ಮಾದರಿಯಲ್ಲಿ ನೋಡಬೇಕಾದದ್ದು 28ನೇ ವಿಧಿ. ಪಾಲು ವರ್ಗಾಯಿಸುವ ಮುಂಚೆ ಸರ್ಕಾರದ ಲಿಖಿತ ಒಪ್ಪಿಗೆ ಬೇಕು ಎನ್ನುತ್ತದೆ ಅದು. ಸರಿಯಾದ ಕಾರಣವಿಲ್ಲದೆ ಒಪ್ಪಿಗೆ ತಡೆಹಿಡಿಯಬಾರದು ಎಂದೂ ಹೇಳುತ್ತದೆ. ಅದರ ಕೆಳಗೇ ಇನ್ನೊಂದು ಉಪವಿಧಿಯಿದೆ: ಕಂಪನಿಯ ಸ್ಥಿತಿಯಲ್ಲಿ, ಷೇರುದಾರಿಕೆಯಲ್ಲಿ, ಅಥವಾ ಕಂಪನಿಗೆ ಖಾತರಿ ಕೊಟ್ಟ ಮಾತೃಸಂಸ್ಥೆಯ ಜತೆಗಿನ ಸಂಬಂಧದಲ್ಲಿ ಗಣನೀಯ ಬದಲಾವಣೆ ಆದರೂ ಅದೇ ಒಪ್ಪಿಗೆ ಬೇಕು. ಷೇರು ಮಾರಾಟವನ್ನು ಹಿಡಿಯುವುದು ಈ ಸಾಲು. ಪೆನ್ಸಿಲ್ ತೆಗೆದುಕೊಂಡು ಅದರ ಪ್ರತಿ ಪದದ ಕೆಳಗೂ ಗೆರೆ ಎಳೆಯಿರಿ. "ಗಣನೀಯ" ಎಂದರೆ ಎಷ್ಟು? ಪರೋಕ್ಷ ಬದಲಾವಣೆಯೂ ಸೇರಿದೆಯೇ? ವಿಲೀನ ಸೇರಿದೆಯೇ? ಗಡುವಿನೊಳಗೆ ಸರ್ಕಾರ ಉತ್ತರಿಸದಿದ್ದರೆ ಏನೆಂದು ಬರೆದಿದೆ? ಆ ಗಡುವು ಎಣಿಕೆಯಾಗುವುದು ಅರ್ಜಿ ಕೊಟ್ಟ ದಿನದಿಂದಲೋ, ಕೇಳಿದ ಎಲ್ಲ ಮಾಹಿತಿ ತಲುಪಿದ ದಿನದಿಂದಲೋ? ಈ ಕೊನೆಯ ಪ್ರಶ್ನೆಯ ಮೇಲೆ ತಿಂಗಳುಗಟ್ಟಲೆ ವ್ಯತ್ಯಾಸ ಬೀಳುತ್ತದೆ.

ಕರಾರಿನ ಹಿಂದೆ ಕಾನೂನಿದೆ. 1948ರ ತೈಲಕ್ಷೇತ್ರ ಕಾಯ್ದೆಗೆ ಮಾಡಿದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂತು. ಹಳೆಯ ಕಾಗದಗಳಲ್ಲಿ "ಗಣಿ ಗುತ್ತಿಗೆ" ಎಂದಿರುವುದು ಈಗ "ಪೆಟ್ರೋಲಿಯಂ ಗುತ್ತಿಗೆ". 1959ರ ನಿಯಮಗಳ ಜಾಗಕ್ಕೂ ಅದೇ ವರ್ಷ ಹೊಸ ನಿಯಮಗಳು ಬಂದವು. ಅರ್ಜಿಯಲ್ಲಿ ಹಳೆಯ ನಿಯಮದ ಸಂಖ್ಯೆ ಬರೆದು ಮುಜುಗರಕ್ಕೆ ಒಳಗಾಗಬೇಡಿ.

ಹೆಜ್ಜೆ 3: ಒಡೆತನದ ನಕ್ಷೆ ಬಿಡಿಸಿ

ಎ3 ಹಾಳೆ ತೆಗೆದುಕೊಳ್ಳಿ. ಕೆಳಗೆ ಬ್ಲಾಕ್ ಹಿಡಿದ ಕಂಪನಿ. ಅದರ ಮೇಲೆ ಅದರ ಒಡೆಯ, ಆ ಒಡೆಯನ ಮೇಲೆ ಇನ್ನೊಬ್ಬ, ಹೀಗೆ ಕಟ್ಟಕಡೆಗೆ ರಕ್ತ ಮಾಂಸದ ಮನುಷ್ಯರೋ ಷೇರುಪೇಟೆಯ ಕಂಪನಿಯೋ ಸರ್ಕಾರವೋ ಸಿಗುವ ತನಕ ಹೋಗಿ. ಪ್ರತಿ ಪೆಟ್ಟಿಗೆಯಲ್ಲಿ ದೇಶ, ಶೇಕಡಾವಾರು, ನಿರ್ದೇಶಕರನ್ನು ನೇಮಿಸುವ ಹಕ್ಕು ಯಾರದು ಎಂಬುದನ್ನು ಬರೆಯಿರಿ. ಪಕ್ಕದಲ್ಲೇ ಎರಡನೇ ನಕ್ಷೆ: ವ್ಯವಹಾರ ಮುಗಿದ ಮೇಲಿನ ಚಿತ್ರ.

ಇದು ಹುಡುಗಾಟದ ಕೆಲಸ ಎನಿಸಬಹುದು. ಒಂದು ಕಂಪನಿಯ ಫೈಲಿನಲ್ಲಿ ನಾನು ಇದೇ ಕೆಲಸ ಮಾಡುತ್ತಿದ್ದಾಗ, ಹಿಂದಿನ ವರ್ಷದ ಪಟ್ಟಿಯಲ್ಲಿದ್ದ ಹೆಸರಿಗೂ ಈಗಿನ ಪಟ್ಟಿಯ ಹೆಸರಿಗೂ ತಾಳೆ ಬೀಳಲಿಲ್ಲ. ಸಿಂಗಪುರದ ಹಿಡುವಳಿ ಕಂಪನಿಯ ಮೇಲಿನ ಮಟ್ಟದಲ್ಲಿ ಷೇರುಗಳು ಆಗಲೇ ಕೈ ಬದಲಾಗಿದ್ದವು. ವಿದೇಶದಲ್ಲಿದ್ದವರಿಗೆ ಅದು ಬರೀ ಆಂತರಿಕ ಹೊಂದಾಣಿಕೆ, ಇಲ್ಲಿನ ಕಚೇರಿಗೆ ಯಾರೂ ಹೇಳಿರಲಿಲ್ಲ. ಹೊಸ ಒಪ್ಪಿಗೆ ಕೇಳಲು ಹೊರಟವರು ಮೊದಲು ಹಳೆಯ ಲೋಪಕ್ಕೆ ವಿವರಣೆ ಬರೆಯಬೇಕಾಯಿತು. ಆ ಪತ್ರದ ಕರಡನ್ನು ರಾತ್ರಿ ಎರಡು ಗಂಟೆಗೆ ಹನ್ನೊಂದನೇ ಸಲ ತಿದ್ದಿದ್ದು ನನಗೆ ಇನ್ನೂ ನೆನಪಿದೆ. ಲೋಪ ಕಂಡರೆ ನೀವೇ ಮೊದಲು ಹೇಳಿ. ಅಧಿಕಾರಿ ಪತ್ತೆಹಚ್ಚಿ ಕೇಳುವುದಕ್ಕೂ ನೀವಾಗಿ ತಿಳಿಸುವುದಕ್ಕೂ ಅಜಗಜಾಂತರ.

ಹೆಜ್ಜೆ 4: ಹಳೆಯ ಲೆಕ್ಕ ಚುಕ್ತಾ ಮಾಡಿ

ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಭಾಗ ಓದುವುದಾದರೆ ಇದನ್ನು ಓದಿ. ಒಪ್ಪಿಗೆ ಕೇಳಿದ ದಿನ, ಬ್ಲಾಕ್‌ಗೆ ಸಂಬಂಧಿಸಿದ ಹಳೆಯ ತಕರಾರುಗಳೆಲ್ಲ ಮೇಜಿನ ಮೇಲೆ ಬಂದು ಕೂರುತ್ತವೆ.

ಕೇರ್ನ್ ವ್ಯವಹಾರ ನಿಂತದ್ದು ವೇದಾಂತ ಎಂಥ ಕಂಪನಿ ಎಂಬುದಕ್ಕಿಂತ ಹೆಚ್ಚಾಗಿ ರಾಯಧನದ ಮೇಲೆ, ಅಂದರೆ ತೆಗೆದ ತೈಲಕ್ಕೆ ಸರ್ಕಾರಕ್ಕೆ ಕಟ್ಟುವ ಹಣದ ಮೇಲೆ. ಬಾಡಮೇರ್ ಬ್ಲಾಕ್‌ನಲ್ಲಿ ಕೇರ್ನ್ ಪಾಲು 70%, ಸರ್ಕಾರಿ ತೈಲ ಕಂಪನಿ ಒಎನ್‌ಜಿಸಿ ಪಾಲು 30%. ಆದರೆ 1995ರ ಕರಾರಿನ ಪ್ರಕಾರ ಪರವಾನಗಿ ಇದ್ದದ್ದು ಒಎನ್‌ಜಿಸಿ ಹೆಸರಲ್ಲಿ, ಹಾಗಾಗಿ ಪೂರ್ತಿ ತೈಲದ ಮೇಲಿನ ರಾಯಧನ ಕಟ್ಟುವ ಹೊರೆಯೂ ಅದರದ್ದೇ. 30% ತೈಲ ಪಡೆದು 100% ರಾಯಧನ ಕಟ್ಟುವುದು. ಬಾಡಮೇರ್‌ನ ಮಂಗಳಾ ಕ್ಷೇತ್ರದಲ್ಲಿ 2009ರ ಆಗಸ್ಟ್‌ನಲ್ಲಿ ಉತ್ಪಾದನೆ ಶುರುವಾದ ಮೇಲೆ ಆ ಭಾರ ಎಷ್ಟೆಂದು ಕಾಣತೊಡಗಿತು. ಯೋಜನೆಯ ಖರ್ಚಿನಲ್ಲಿ ರಾಯಧನವನ್ನೂ ಸೇರಿಸಿ ವಸೂಲಿ ಮಾಡಿಕೊಳ್ಳಲು ಬಿಡಿ ಎಂಬುದು ಒಎನ್‌ಜಿಸಿಯ ಬೇಡಿಕೆಯಾಗಿತ್ತು. ಹಾಗೆ ಮಾಡಿದರೆ ಕೇರ್ನ್ ಲಾಭ ಇಳಿಯುತ್ತದೆ. ಇನ್ನೊಂದು ಕಡೆ, ಕಚ್ಚಾ ತೈಲದ ಸೆಸ್ ತನ್ನ ಪಾಲಿಗೆ ಬರುವುದಿಲ್ಲ ಎಂದು ಕೇರ್ನ್ ಮಧ್ಯಸ್ಥಿಕೆಗೆ ಹೋಗಿತ್ತು.

ಎರಡೂ ತಕರಾರುಗಳು ಷೇರು ಮಾರಾಟಕ್ಕೆ ಮುಂಚಿನವು. ಆದರೆ ಒಪ್ಪಿಗೆಯ ಅರ್ಜಿ ಬಂದದ್ದೇ ತಡ, ಅವನ್ನು ಬಗೆಹರಿಸಿಕೊಳ್ಳಲು ಸರ್ಕಾರಕ್ಕೂ ಒಎನ್‌ಜಿಸಿಗೂ ಹಿಡಿತ ಸಿಕ್ಕಿತು. ವಿಷಯ ಸಂಪುಟದ ಆರ್ಥಿಕ ವ್ಯವಹಾರಗಳ ಸಮಿತಿಗೆ ಹೋಯಿತು, ಅಲ್ಲಿಂದ ಪ್ರಣಬ್ ಮುಖರ್ಜಿ ನೇತೃತ್ವದ ಸಚಿವರ ಗುಂಪಿಗೆ. 2011ರ ಜೂನ್ 30ರಂದು ಸಿಕ್ಕ ಒಪ್ಪಿಗೆಯಲ್ಲಿ ಎರಡು ಮುಖ್ಯ ಷರತ್ತುಗಳಿದ್ದವು: ರಾಯಧನ ವಸೂಲಿಯಾಗಬಲ್ಲ ಖರ್ಚು ಎಂದು ಒಪ್ಪಬೇಕು, ಸೆಸ್ ಕುರಿತ ಮಧ್ಯಸ್ಥಿಕೆ ಕೈಬಿಡಬೇಕು.

ಆದ್ದರಿಂದ ಬೆಲೆ ಮಾತಾಡುವ ಮುಂಚೆಯೇ ಪಟ್ಟಿ ಮಾಡಿ. ರಾಯಧನ, ಸೆಸ್, ಸರ್ಕಾರದ ಲಾಭದ ಪಾಲಿನ ಲೆಕ್ಕ, ಒಪ್ಪಿಗೆಯಾಗದೆ ಉಳಿದ ಖರ್ಚಿನ ಬಾಬ್ತುಗಳು, ಆಡಿಟ್ ಆಕ್ಷೇಪಗಳು, ಮುಗಿಸದ ಕನಿಷ್ಠ ಕೆಲಸದ ಬದ್ಧತೆ, ಬಾವಿ ಮುಚ್ಚುವ ನಿಧಿಗೆ ಕಟ್ಟಬೇಕಾದ ಹಣ. ಪ್ರತಿಯೊಂದರ ಎದುರು ಮೊತ್ತವನ್ನೂ ಅದು ಯಾರ ಹೆಗಲ ಮೇಲೆ ಎಂಬುದನ್ನೂ ಬರೆಯಿರಿ. ಬಗೆಹರಿಯುವುದನ್ನು ಬಗೆಹರಿಸಿ. ಬಗೆಹರಿಯದ್ದಕ್ಕೆ ಬೆಲೆಯಲ್ಲಿ ಜಾಗ ಬಿಡಿ.

ಹೆಜ್ಜೆ 5: ಜತೆಗಾರರನ್ನು ಮಾತಾಡಿಸಿ

ಒಂದೇ ಕಂಪನಿ ಹಿಡಿದ ಬ್ಲಾಕ್ ಅಲ್ಲದಿದ್ದರೆ ಪಾಲುದಾರರ ನಡುವೆ ಜಂಟಿ ಕಾರ್ಯಾಚರಣೆ ಒಪ್ಪಂದ ಇದ್ದೇ ಇರುತ್ತದೆ. ಪಾಲು ಮಾರುವಾಗ "ಮೊದಲು ನಮಗೆ ಕೊಡಿ" ಎನ್ನುವ ಹಕ್ಕು ಅದರಲ್ಲಿ ಸಾಮಾನ್ಯ. ಷೇರು ಮಾರಾಟಕ್ಕೂ ಆ ಹಕ್ಕು ತಗಲುತ್ತದೆಯೇ ಎಂಬುದು ಪದಗಳ ಮೇಲೆ ನಿಂತಿದೆ. ತಗಲದಿದ್ದರೂ ಜತೆಗಾರರ ನಿರಾಕ್ಷೇಪಣಾ ಪತ್ರ ಪಡೆಯುವುದು ಒಳ್ಳೆಯದು. ಅದಿಲ್ಲದ ಫೈಲು ಕುಂಟುತ್ತದೆ. ಆಪರೇಟರ್ (ಬ್ಲಾಕ್‌ನ ಕೆಲಸ ನಡೆಸುವ ಪಾಲುದಾರ) ಬದಲಾಗುವುದಾದರೆ ಅದಕ್ಕೆ ಬೇರೆಯದೇ ಒಪ್ಪಿಗೆ ಬೇಕೆಂಬುದನ್ನು ಮರೆಯಬೇಡಿ.

ಹೆಜ್ಜೆ 6: ಅರ್ಜಿ ಕಟ್ಟುವುದು

ಸರ್ಕಾರ ಮುಖ್ಯವಾಗಿ ಕೇಳುವುದು ಕೆಲವೇ ಪ್ರಶ್ನೆಗಳನ್ನು. ಬರುವವರಿಗೆ ಹೆಸರಿದೆಯೇ? ಹಣ ಮತ್ತು ತಾಂತ್ರಿಕ ಶಕ್ತಿ ಇದೆಯೇ? ಹಿಂದಿನವರು ಹೊತ್ತ ಬದ್ಧತೆಗಳನ್ನು ಬೇಷರತ್ತಾಗಿ ಹೊರುತ್ತಾರೆಯೇ, ಅದಕ್ಕೆ ಖಾತರಿ ಕೊಡುತ್ತಾರೆಯೇ? ವ್ಯಾಪಾರಕ್ಕೆ ನಿರ್ಬಂಧವಿರುವ ದೇಶದವರೇ? ಇದರಿಂದ ದೇಶದ ಹಿತಕ್ಕೆ ಧಕ್ಕೆ ಇದೆಯೇ? ಅರ್ಜಿಯ ಪ್ರತಿ ಪುಟವೂ ಇವುಗಳಲ್ಲಿ ಒಂದಕ್ಕೆ ಉತ್ತರವಾಗಿರಬೇಕು. ಆಗದ ಪುಟವನ್ನು ತೆಗೆದುಹಾಕಿ.

ತಾಂತ್ರಿಕ ಶಕ್ತಿಯ ಪ್ರಶ್ನೆ ಹೊಸಬರಿಗೆ ಕಷ್ಟದ್ದು. ವೇದಾಂತ ಆಗ ಗಣಿ ಮತ್ತು ಲೋಹದ ಗುಂಪು, ತೈಲದ ಅನುಭವ ಇರಲಿಲ್ಲ. ಕೇರ್ನ್ ಷೇರುಗಳನ್ನು ಕೊಂಡ ಅದರ ಅಂಗಸಂಸ್ಥೆ ಸೆಸಾ ಗೋವಾ ಚಿತ್ರದುರ್ಗದ ಕಡೆಯವರಿಗೆ ಗೊತ್ತಿದ್ದದ್ದು ಕಬ್ಬಿಣದ ಅದಿರಿನ ಕಂಪನಿಯಾಗಿ. ಇಂಥ ಸಂದರ್ಭದಲ್ಲಿ "ನಾವು ಕಲಿಯುತ್ತೇವೆ" ಎಂಬ ಮಾತು ನಡೆಯುವುದಿಲ್ಲ. ಈಗಿರುವ ಭೂವಿಜ್ಞಾನಿಗಳು, ಬಾವಿ ಎಂಜಿನಿಯರುಗಳು, ಸುರಕ್ಷತಾ ಮುಖ್ಯಸ್ಥರು ಯಾರು ಯಾರು ಉಳಿಯುತ್ತಾರೆ, ಎಷ್ಟು ಕಾಲಕ್ಕೆ, ಯಾವ ಕರಾರಿನಲ್ಲಿ ಎಂದು ತೋರಿಸಿ. ಷೇರು ಮಾರಾಟಕ್ಕೆ ಇರುವ ದೊಡ್ಡ ಅನುಕೂಲವೇ ಇದು: ಮಾಲೀಕ ಬದಲಾದರೂ ತಂಡ ಉಳಿಯುತ್ತದೆ. ಅದನ್ನು ಸಾಬೀತು ಮಾಡುವ ಹೊಣೆ ನಿಮ್ಮದು.

ಖಾತರಿಯ ವಿಷಯದಲ್ಲಿ ಕಣ್ಣಲ್ಲಿ ಕಣ್ಣಿಡಿ. ಹಳೆಯ ಮಾತೃಸಂಸ್ಥೆ ಕೊಟ್ಟ ಖಾತರಿ, ಅದು ಕಂಪನಿಯನ್ನು ಮಾರಿದ ಮೇಲೆ ಮುಂದುವರಿಯಲು ಒಪ್ಪುವುದಿಲ್ಲ. ಹೊಸಬರ ಖಾತರಿ ಬರುವ ತನಕ ಸರ್ಕಾರ ಹಳೆಯದನ್ನು ಬಿಡುವುದಿಲ್ಲ. ಎರಡರ ನಡುವೆ ಒಂದು ದಿನದ ಬಿರುಕೂ ಇರಬಾರದು. ಬ್ಯಾಂಕ್ ಗ್ಯಾರಂಟಿಯ ಮುಕ್ತಾಯದ ದಿನಾಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದುಕೊಳ್ಳಿ. ನಾನು ಈಗಲೂ ಬರೆಯುತ್ತೇನೆ.

ಹೆಜ್ಜೆ 7: ಫೈಲು ಹೋಗುವ ದಾರಿ

ಅರ್ಜಿಯ ಮೊದಲ ಪರಿಶೀಲನೆ ನೋಯ್ಡಾದಲ್ಲಿರುವ ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯದಲ್ಲಿ. ಡಿಜಿಎಚ್ ಎಂದೇ ಎಲ್ಲರೂ ಕರೆಯುವ ಇದು 1993ರಲ್ಲಿ ಸ್ಥಾಪನೆಯಾದ ತಾಂತ್ರಿಕ ಅಂಗ. ಅಲ್ಲಿಂದ ಶಿಫಾರಸಿನೊಂದಿಗೆ ಪೆಟ್ರೋಲಿಯಂ ಸಚಿವಾಲಯಕ್ಕೆ ಹೋಗುತ್ತದೆ. ಸಚಿವಾಲಯ ಕಾನೂನು, ಹಣಕಾಸು ಇಲಾಖೆಗಳ ಅಭಿಪ್ರಾಯ ಕೇಳಬಹುದು. ವಿದೇಶಿ ಒಡೆತನವಿದ್ದರೆ ಗೃಹ ಸಚಿವಾಲಯದ ಭದ್ರತಾ ಅನುಮತಿಯೂ ಬೇಕಾಗುತ್ತದೆ. ದೊಡ್ಡ ವ್ಯವಹಾರ ಸಂಪುಟ ಸಮಿತಿಗೆ ಏರುತ್ತದೆ.

ಹಲವರು ಪಿಎನ್‌ಜಿಆರ್‌ಬಿ (ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ) ಬಾಗಿಲು ತಟ್ಟುವುದನ್ನು ಕಂಡಿದ್ದೇನೆ. ಅದು ಪೈಪ್‌ಲೈನ್, ನಗರ ಅನಿಲ ಜಾಲಗಳ ನಿಯಂತ್ರಕ. ತೈಲ ಹುಡುಕುವುದು, ತೆಗೆಯುವುದು ಅದರ ವ್ಯಾಪ್ತಿಯಲ್ಲಿಲ್ಲ.

ಡಿಜಿಎಚ್‌ನಿಂದ ಪ್ರಶ್ನೆಪತ್ರ ಬಂದರೆ ಗಾಬರಿ ಬೇಡ, ಬಾರದಿದ್ದರೆ ಗಾಬರಿಯಾಗಿ. ಪ್ರಶ್ನೆ ಬಂತೆಂದರೆ ಯಾರೋ ಫೈಲು ಓದುತ್ತಿದ್ದಾರೆ. ಒಂದೊಂದೇ ಪ್ರಶ್ನೆಗೆ ಬಿಡಿಬಿಡಿ ಉತ್ತರ ಕಳಿಸುವ ಬದಲು, ಪ್ರಶ್ನೆಯ ಪಠ್ಯ, ಉತ್ತರ, ದಾಖಲೆಯ ಪುಟಸಂಖ್ಯೆ ಮೂರನ್ನೂ ಒಂದೇ ಕೋಷ್ಟಕದಲ್ಲಿಟ್ಟು ಕಳಿಸಿ. ಓದುವ ಅಧಿಕಾರಿ ಅದನ್ನೇ ತನ್ನ ಟಿಪ್ಪಣಿಗೆ ಎತ್ತಿಕೊಳ್ಳುವಂತಿರಬೇಕು.

ಹೆಜ್ಜೆ 8: ಬೇರೆ ಬಾಗಿಲುಗಳು

ಪಟ್ಟಿಯಾದ ಕಂಪನಿಯಾದರೆ ಸೆಬಿಯ ಸ್ವಾಧೀನ ನಿಯಮಗಳಿವೆ: ಇಂದಿನ ನಿಯಮದಲ್ಲಿ 25% ಮಿತಿ ದಾಟಿದರೆ ಸಾರ್ವಜನಿಕ ಷೇರುದಾರರಿಗೆ ಕನಿಷ್ಠ 26% ಷೇರು ಕೊಳ್ಳುವ ಮುಕ್ತ ಆಹ್ವಾನ ನೀಡಬೇಕು. ಸ್ಪರ್ಧಾ ಆಯೋಗದ ಮಿತಿಗಳನ್ನು ಲೆಕ್ಕ ಹಾಕಿ. 2024ರ ಸೆಪ್ಟೆಂಬರ್‌ನಿಂದ, ಭಾರತದಲ್ಲಿ ಗಣನೀಯ ವ್ಯವಹಾರವಿರುವ ಕಂಪನಿಯಾದರೆ, ₹2,000 ಕೋಟಿ ಮೀರಿದ ವ್ಯವಹಾರ ಮೌಲ್ಯವೂ ಒಂದು ಮಿತಿ. ತೈಲ ಅನ್ವೇಷಣೆಗೆ 100% ವಿದೇಶಿ ಹೂಡಿಕೆ, ಸರ್ಕಾರದ ಪೂರ್ವಾನುಮತಿ ಬೇಡದ ಸ್ವಯಂಚಾಲಿತ ದಾರಿಯಲ್ಲಿದ್ದರೂ, ಭಾರತದೊಂದಿಗೆ ಭೂಗಡಿ ಹಂಚಿಕೊಂಡ ದೇಶಗಳ ಹೂಡಿಕೆದಾರರಿಗೆ 2020ರ ಏಪ್ರಿಲ್‌ನಿಂದ ಬೇರೆ ನಿಯಮ ಬಂದಿದೆ. ನಿಮ್ಮ ಎ3 ಹಾಳೆಯ ಮೇಲ್ತುದಿ ನೋಡಿ ಇದನ್ನು ತೀರ್ಮಾನಿಸಿ.

ತೆರಿಗೆಯನ್ನು ಕೊನೆಗೆ ಇಟ್ಟುಕೊಳ್ಳುವವರೇ ಹೆಚ್ಚು. 2006ರಲ್ಲಿ ಕೇರ್ನ್ ಗುಂಪು ತನ್ನೊಳಗೇ ಮಾಡಿಕೊಂಡ ಷೇರು ಮರುಜೋಡಣೆಗೆ ತೆರಿಗೆ ನೋಟಿಸು ಬಂದದ್ದು 2014ರಲ್ಲಿ. ಮೂಲದಲ್ಲಿ ತೆರಿಗೆ ಕಡಿತ ಮಾಡಲಿಲ್ಲ ಎಂದು 2015ರಲ್ಲಿ ಕೇರ್ನ್ ಇಂಡಿಯಾದಿಂದ ಕೇಳಿದ್ದು ₹20,495 ಕೋಟಿ. ಅಷ್ಟರಲ್ಲಿ ಆ ಕಂಪನಿ ವೇದಾಂತದ ಕೈಗೆ ಬಂದಾಗಿತ್ತು. ಹಿಂದಿನ ವ್ಯವಹಾರಗಳಿಗೂ ತೆರಿಗೆ ಹಾಕಲು ದಾರಿ ಮಾಡಿದ 2012ರ ಪೂರ್ವಾನ್ವಯ ತಿದ್ದುಪಡಿಯ ಬೇಡಿಕೆಗಳನ್ನು 2021ರ ಕಾನೂನು ಹಿಂದಕ್ಕೆ ತೆಗೆದುಕೊಂಡಿತು. ಆದರೂ ಕಂಪನಿ ಕೊಳ್ಳುವವರು ಅದರ ಹಳೆಯ ತೆರಿಗೆಯನ್ನೂ ಕೊಳ್ಳುತ್ತಾರೆ ಎಂಬುದು ಬದಲಾಗಿಲ್ಲ.

ಹೆಜ್ಜೆ 9: ಕಾಯುವ ಕಾಲ

ಒಪ್ಪಿಗೆ ಬರುವ ತನಕ ಷೇರು ವರ್ಗಾವಣೆ ಬೇಡ. ಮಾರಾಟ ಒಪ್ಪಂದದಲ್ಲಿ ಸರ್ಕಾರದ ಒಪ್ಪಿಗೆಯನ್ನು ಪೂರ್ವಷರತ್ತಾಗಿ ಬರೆಯಿರಿ. ಕೊನೆಯ ಗಡುವನ್ನು ಉದಾರವಾಗಿ ಇಡಿ, ವಿಸ್ತರಿಸುವ ದಾರಿಯನ್ನೂ ಅಲ್ಲೇ ಬರೆದುಬಿಡಿ. ಈ ನಡುವೆ ಕೊಳ್ಳುವವರು ಬಾವಿ ಎಲ್ಲಿ ಕೊರೆಯಬೇಕು, ತೈಲ ಯಾರಿಗೆ ಮಾರಬೇಕು ಎಂದು ಹೇಳತೊಡಗಿದರೆ ಸ್ಪರ್ಧಾ ಕಾನೂನೂ ಉಲ್ಲಂಘನೆಯಾಗುತ್ತದೆ, ಕರಾರೂ ಮುರಿಯುತ್ತದೆ. ಮಾಹಿತಿ ಪಡೆಯಬಹುದು, ಆಜ್ಞೆ ಕೊಡುವ ಹಾಗಿಲ್ಲ.

ಇನ್ನೊಂದು ವಿಷಯ ಯಾರೂ ಹೇಳಿಕೊಡುವುದಿಲ್ಲ: ಕಾಯುವಾಗ ಕೆಲಸ ನಿಲ್ಲಿಸಬೇಡಿ. ಬಾವಿಯ ಕಾರ್ಯಕ್ರಮ, ಮಾಸಿಕ ವರದಿ, ರಾಯಧನ ಎಲ್ಲವೂ ಒಂದು ದಿನವೂ ತಪ್ಪದೆ ನಡೆಯಲಿ. ಮಾರುವವರ ಉತ್ಸಾಹ ಕುಗ್ಗಿ, ಕೊಳ್ಳುವವರಿಗೆ ಅಧಿಕಾರವಿಲ್ಲದೆ, ನಡುವೆ ಬ್ಲಾಕ್ ಸೊರಗುವುದು ಕಂಡಾಗ ನಿಜಕ್ಕೂ ಸಂಕಟವಾಗುತ್ತದೆ.

ಹೆಜ್ಜೆ 10: ಷರತ್ತಿನ ಒಪ್ಪಿಗೆ ಬಂದರೆ

ಬರುವ ಪತ್ರ ಬರೀ "ಹೌದು" ಆಗಿರುವುದು ಅಪರೂಪ. ಪ್ರತಿ ಷರತ್ತನ್ನೂ ಮೂರು ಪ್ರಶ್ನೆಗಳಿಂದ ಅಳೆಯಿರಿ: ಕರಾರಿನಲ್ಲಿ ಇಲ್ಲದ ಹೊರೆ ಇದು ಹೊರಿಸುತ್ತದೆಯೇ, ಮಾರಾಟಗಾರ ಪೂರೈಸಬೇಕೋ ಕೊಳ್ಳುವವರೋ, ವ್ಯವಹಾರ ಮುಗಿಯುವ ಮುಂಚೆಯೋ ಆಮೇಲೋ? ನೆಲ್ಪ್ ಮಾದರಿಯಲ್ಲಿ ಷರತ್ತುಗಳು ಗುತ್ತಿಗೆದಾರರ ಬದ್ಧತೆಯನ್ನು ಹೆಚ್ಚಿಸಬಾರದು ಎಂಬ ಸಾಲಿದೆ. ಆದರೆ ಆ ಸಾಲನ್ನು ನ್ಯಾಯಾಲಯದಲ್ಲಿ ಗೆಲ್ಲಲು ವರ್ಷಗಳು ಬೇಕು, ವ್ಯವಹಾರಕ್ಕೆ ಅಷ್ಟು ಆಯುಸ್ಸು ಇರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಇದು ವ್ಯವಸ್ಥೆಯ ದೊಡ್ಡ ಕೊರತೆ: ಒಪ್ಪಿಗೆಯನ್ನು ಹಳೆಯ ವ್ಯಾಜ್ಯ ತೀರಿಸುವ ಸಾಧನವಾಗಿ ಬಳಸಿದಾಗ, ವ್ಯಾಜ್ಯದಲ್ಲಿ ಯಾರದು ಸರಿ ಎಂಬುದು ನಿರ್ಧಾರವೇ ಆಗುವುದಿಲ್ಲ.

ಕೇರ್ನ್ ಇಂಡಿಯಾ ಷರತ್ತುಗಳನ್ನು ತನ್ನ ಷೇರುದಾರರ ಮುಂದೆ ಅಂಚೆ ಮತದಾನಕ್ಕೆ ಇಟ್ಟಿತು, 2011ರ ಸೆಪ್ಟೆಂಬರ್‌ನಲ್ಲಿ ಅವರು ಒಪ್ಪಿದರು. ಹೊರೆ ಬೀಳುವುದು ಕಂಪನಿಯ ಮೇಲೆ, ಅಂದರೆ ಮಾರಾಟದಲ್ಲಿ ಪಾಲಿಲ್ಲದ ಸಣ್ಣ ಷೇರುದಾರರ ಮೇಲೂ ಎಂದಾದಾಗ ಅವರನ್ನು ಕೇಳುವುದೇ ಸರಿಯಾದ ದಾರಿ. ಬೆಲೆಯೂ ಆ ವೇಳೆಗೆ ಬದಲಾಗಿತ್ತು. ಷೇರಿಗೆ ₹355ರ ಮೇಲೆ ಕೇರ್ನ್ ಎನರ್ಜಿಗೆ ಸಿಗಬೇಕಿದ್ದ ₹50ರ ಸ್ಪರ್ಧಾ ನಿಷೇಧ ಶುಲ್ಕವನ್ನು (ಮಾರಿದವರು ಮುಂದೆ ಸ್ಪರ್ಧೆಗೆ ಇಳಿಯದಿರಲು ಕೊಡುವ ಹಣ) ಕೈಬಿಡಲಾಗಿತ್ತು.

ಹೆಜ್ಜೆ 11: ಒಪ್ಪಿಗೆ ಸಿಕ್ಕ ಮೇಲೆ

ಪಿಐ ವರ್ಗಾವಣೆಯಾದರೆ ವರ್ಗಾವಣೆ ಪತ್ರಕ್ಕೂ ಕರಾರಿನ ತಿದ್ದುಪಡಿಗೂ ಸಹಿ ಬೀಳಬೇಕು, ಸರ್ಕಾರದ ಸಹಿಯೂ ಸೇರಿ. ನೆಲದ ಮೇಲಿನ ಬ್ಲಾಕ್ ಆದರೆ ಗುತ್ತಿಗೆ ಕೊಟ್ಟದ್ದು ರಾಜ್ಯ ಸರ್ಕಾರ, ಅದರ ದಾಖಲೆಯಲ್ಲೂ ಹೆಸರು ಬದಲಾಗಬೇಕು. ಕಡಲಿನ ಬ್ಲಾಕ್‌ಗೆ ಆ ಓಡಾಟವಿಲ್ಲ, ಅಲ್ಲಿ ಕೇಂದ್ರವೇ ಗುತ್ತಿಗೆದಾತ. ಷೇರು ಮಾರಾಟದಲ್ಲಿ ಗುತ್ತಿಗೆ ಕಾಗದಗಳು ಹಾಗೇ ಉಳಿಯುತ್ತವೆ. ಹೊಸ ಖಾತರಿಗಳನ್ನು ಒಪ್ಪಿಸಿ ಹಳೆಯವನ್ನು ಲಿಖಿತವಾಗಿ ಬಿಡುಗಡೆ ಮಾಡಿಸಿಕೊಳ್ಳಿ. ಅನಿವಾಸಿಯಿಂದ ನಿವಾಸಿಗೆ, ಅಥವಾ ನಿವಾಸಿಯಿಂದ ಅನಿವಾಸಿಗೆ ಷೇರು ಹೋಗಿದ್ದರೆ 60 ದಿನಗಳೊಳಗೆ ಎಫ್‌ಸಿ-ಟಿಆರ್‌ಎಸ್ ನಮೂನೆ (ಇಂಥ ಷೇರು ವರ್ಗಾವಣೆಯನ್ನು ರಿಸರ್ವ್ ಬ್ಯಾಂಕಿಗೆ ತಿಳಿಸುವ ವರದಿ) ಸಲ್ಲಿಸಿ. ಹೊಸ ನಿರ್ದೇಶಕರ ಹೆಸರು, ಅಧಿಕೃತ ಸಹಿದಾರರ ಪಟ್ಟಿ, ಬಾವಿ ಮುಚ್ಚುವ ನಿಧಿಯ ಬ್ಯಾಂಕ್ ಖಾತೆಯ ಸಹಿ ಇವನ್ನೆಲ್ಲ ಅದೇ ವಾರ ಬದಲಾಯಿಸಿ.

ಕೊನೆಗೆ ಆ ಎ3 ಹಾಳೆಯ ಎರಡನೇ ನಕ್ಷೆಗೆ ದಿನಾಂಕ ಹಾಕಿ, ಸಹಿ ಮಾಡಿ, ಒಪ್ಪಿಗೆ ಪತ್ರದ ಪ್ರತಿಯ ಜತೆ ಫೈಲಿನ ಮೊದಲ ಪುಟವಾಗಿ ಸೇರಿಸಿ. ಮುಂದಿನ ಸಲ ಮೇಲಿನ ಯಾವ ಪೆಟ್ಟಿಗೆಯಲ್ಲಿ ಷೇರು ಅಲುಗಾಡಿದರೂ ವಿದೇಶದ ಕಚೇರಿ ನಿಮಗೆ ಮೊದಲು ತಿಳಿಸಬೇಕು ಎಂದು ಅವರಿಗೊಂದು ಪತ್ರ ಬರೆಯಿರಿ, ತಲುಪಿದ್ದಕ್ಕೆ ಉತ್ತರ ತರಿಸಿಕೊಂಡು ಅದನ್ನೂ ಅಲ್ಲೇ ಇಡಿ.